ದೇವೀರಮ್ಮನ ಹಲ್ಲು ಎಷ್ಟು ಓಮ್?

ಜನವರಿ 18, ಶನಿವಾರ. ಬಣಕಲ್.

ಒಂದು ರೆಸಿಸ್ಟರ್ ಇಡೀ ದಿನ ತಲೆ ತಿಂದಿತು. ಕಾಫಿ ಬೀಜ ಒಣಗಿದ ಕೂಡಲೇ ದೀಪ ಹತ್ತಬೇಕು, ನಾನು ಮಾಡಿದ ಮೀಟರಿನ ಕೆಲಸ ಅಷ್ಟೇ. ಎಷ್ಟು ಒಣಗಿದರೆ ಹತ್ತಬೇಕು ಎಂದು ತೀರ್ಮಾನಿಸುವುದು ಈ ರೆಸಿಸ್ಟರ್; ಓಮ್ ಹೆಚ್ಚಿದಷ್ಟೂ ಬೀಜ ಹೆಚ್ಚು ಒಣಗಿರಬೇಕು. ಲೆಕ್ಕ ಹಾಕಿ ಒಂದು ಮೆಗಾಓಮ್ ಹಾಕಿದ್ದೆ. ಮೊದಲ ರಾಶಿಗೇ ಹತ್ತಿತು. ಕಣ ನೋಡಿಕೊಳ್ಳುವ ದೇವೀರಮ್ಮ ಬೀಜ ಕಚ್ಚಿ ನೋಡಿದರು.

"ಹಲ್ಲು ಇನ್ನೂ ಒಳಗೆ ಇಳೀತದೆ, ಒಣಗಿಲ್ಲ. ನಿನ್ನ ದೀಪಕ್ಕೆ ಆತುರ ಜಾಸ್ತಿ ಮಾರಾಯ್ತಿ."

4.7 ಹಾಕಿದೆ. ಆಗಲೂ ಆತುರವೇ. 6.8 ಹಾಕಿದರೆ, ಅವರು ಕಚ್ಚಿ ಒಣಗಿದ್ದು ಸಾಕೆಂದ ರಾಶಿಗೂ ಹತ್ತದು. ನಡುವಿನದು ಡಬ್ಬಿಯಲ್ಲಿರಲಿಲ್ಲ. ಕೊನೆಗೆ 4.7ರ ಜೊತೆ, ಮೊದಲು ಕಿತ್ತಿಟ್ಟ ಒಂದು ಮೆಗಾಓಮನ್ನೇ ಸಾಲಾಗಿ ಸೇರಿಸಿದೆ. ಬೇಡವೆಂದ ರಾಶಿಗೆ ದೀಪ ಸುಮ್ಮನಿತ್ತು, ಸಾಕೆಂದ ರಾಶಿಗೆ ಹತ್ತಿತು.

ಹಾಗಾದರೆ ಆ ಹಲ್ಲು 5.7 ಮೆಗಾಓಮ್!

ಆಮೇಲೆ ಯಾರೂ ಕಾಣದಂತೆ ಎರಡೂ ರಾಶಿಯ ಬೀಜ ನಾನೂ ಕಚ್ಚಿದೆ. ನನಗೆ ಎರಡೂ ಒಂದೇ.