ಅತ್ತಿಗೆಗೆ ಕಡಿಮೆ ಬಿದ್ದ ನಲವತ್ತೊಂದು ದಿನ

ಪೌರತ್ವದ ಅರ್ಜಿಗಳ ಭವಿಷ್ಯ ಬರೆಯುವ ಮಾನ್ಯ ಅಧಿಕಾರಿಗಳೇ,

ನನ್ನ ಅತ್ತಿಗೆ ಯೋಗಮಲರ್ ಈ ದೇಶದ ಪ್ರಜೆಯಾಗಲು ನಲವತ್ತೊಂದು ದಿನ ಕಡಿಮೆ ಬಿದ್ದಿದ್ದಾರೆಂದು ತಾವು ಅವರ ಅರ್ಜಿಯನ್ನು ಹಿಂದಿರುಗಿಸಿದ್ದೀರಿ. ತಮ್ಮದು ಎರಡು ಸಾಲಿನ ಪತ್ರ. ಅದಕ್ಕೆ ಇಷ್ಟುದ್ದದ ಉತ್ತರವೇಕೆಂದು ತಾವು ಕೇಳಬಹುದು. ಆ ಎರಡು ಸಾಲುಗಳನ್ನು ಅವರ ಮುಂದೆ ಕುಳಿತು ಕನ್ನಡದಲ್ಲಿ ಬಿಡಿಸಿ ಹೇಳಬೇಕಾಗಿ ಬಂದದ್ದು ನನಗೆ, ತಮಗಲ್ಲ.

ಅತ್ತಿಗೆ ಶ್ರೀಲಂಕಾದ ಹಟ್ಟನ್ ಕಡೆಯ ಚಹಾ ತೋಟದವರು. ಕುವೈತಿನಲ್ಲಿ ಕ್ರೇನ್ ಓಡಿಸುತ್ತಿದ್ದ ನನ್ನಣ್ಣ ಪಾಲಾಕ್ಷಪ್ಪ, ಅಲ್ಲಿನ ಆಸ್ಪತ್ರೆಯೊಂದರಲ್ಲಿ ಬಟ್ಟೆ ಒಗೆಯುವ ವಿಭಾಗದಲ್ಲಿದ್ದ ಇವರನ್ನು ಮದುವೆಯಾಗಿ 2009ರಲ್ಲಿ ಕೊಟ್ಟೂರಿಗೆ ಕರೆತಂದ. ನಮ್ಮವ್ವ ಕೊಟ್ರಮ್ಮ ಮೊದಲ ಆರು ತಿಂಗಳು ಸೊಸೆಯ ಜೊತೆ ಮಾತೇ ಆಡಲಿಲ್ಲ. ಆಮೇಲೆ ಜೋಳದ ರೊಟ್ಟಿ ಬಡಿಯುವುದನ್ನು ಕಲಿಸಿದಳು, ಹೆಸರನ್ನು ತನ್ನ ನಾಲಿಗೆಗೆ ಒಗ್ಗಿಸಿಕೊಂಡು "ಯೋಗವ್ವ" ಎಂದು ಕರೆದಳು. ಈಗ ಊರಿನ ಎರಡು ಶಾಲೆಗಳ ಸಮವಸ್ತ್ರ ಹೊಲಿಯುವವರು ಅತ್ತಿಗೆಯೇ. ಆಗಸ್ಟ್ ಹದಿನೈದರಂದು ಧ್ವಜಕ್ಕೆ ಕೈಯೆತ್ತುವ ಆ ಮಕ್ಕಳ ಮೈಮೇಲಿರುವುದು, ತಮ್ಮ ಕಡತದ ಪ್ರಕಾರ, ವಿದೇಶಿಯೊಬ್ಬಳು ಹೊಲಿದ ಅಂಗಿ. ಅದಕ್ಕೂ ಏನಾದರೂ ನಿಯಮವಿದ್ದರೆ ತಿಳಿಸಿ.

2018ರಲ್ಲಿ ಕೂಡ್ಲಿಗಿಯ ಹತ್ತಿರ ಹೆದ್ದಾರಿಯ ಅಪಘಾತದಲ್ಲಿ ಅಣ್ಣ ತೀರಿಕೊಂಡ. ಅವನಿದ್ದಾಗ ಹೆಂಡತಿಯಾಗಿ ಅರ್ಜಿ ಹಾಕುವ ಸುಲಭದ ದಾರಿಯೊಂದಿತ್ತು. ನಾಳೆ ಹಾಕೋಣ, ನಾಡಿದ್ದು ಹಾಕೋಣ ಎನ್ನುತ್ತಲೇ ಅವನು ಹೋದ. ಇನ್ನು ದೇಶೀಕರಣ, ಅಂದರೆ ಇಲ್ಲಿ ಬಾಳಿದ ವರ್ಷಗಳ ಲೆಕ್ಕದ ಮೇಲೆ ಪ್ರಜೆಯಾಗುವುದು, ಅದೊಂದೇ ದಾರಿ ಎಂದು ತಮ್ಮ ಕಚೇರಿ ಹೇಳಿತು. ಅರ್ಜಿ ಹಾಕುವ ಮುಂಚಿನ ಹನ್ನೆರಡು ತಿಂಗಳು ದೇಶ ಬಿಟ್ಟು ಕದಲಬಾರದು. ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಗಳಲ್ಲಿ ಒಟ್ಟು ಹನ್ನೊಂದು ವರ್ಷ ಇಲ್ಲೇ ಇದ್ದಿರಬೇಕು. ಅಂದರೆ ಹೊರಗಿದ್ದದ್ದು ಮೂರು ವರ್ಷ ಮೀರಬಾರದು.

ಲೆಕ್ಕ ಹಾಕಿದವಳು ನಾನು. ಅಣ್ಣನ ಕೆಲಸಕ್ಕಾಗಿ ಇಬ್ಬರೂ ಮತ್ತೆ ಕುವೈತಿನಲ್ಲಿದ್ದದ್ದು ಇಪ್ಪತ್ತೊಂದು ತಿಂಗಳು. ತಂಗಿಯ ಮದುವೆ, ತಾಯಿಯ ಆಪರೇಷನ್ ಎಂದು ತವರಿಗೆ ಹೋದದ್ದು ಎರಡೂವರೆ ತಿಂಗಳು. 2020ರ ಫೆಬ್ರವರಿಯಲ್ಲಿ ತಂದೆ ತೀರಿಕೊಂಡಾಗ ಇಪ್ಪತ್ತು ದಿನಕ್ಕೆಂದು ಹೋದರು. ಅಷ್ಟರಲ್ಲಿ ಕೊರೊನಾ ಬಂತು, ವಿಮಾನಗಳು ನಿಂತವು. ಒಂಬತ್ತು ವರ್ಷದ ಮಗಳು ಇಲ್ಲಿ, ತಾಯಿ ಅಲ್ಲಿ. ಮರಳಿ ಬರುವ ಹೊತ್ತಿಗೆ ಹದಿನಾಲ್ಕು ತಿಂಗಳಾಗಿತ್ತು. ದೇಶವೇ ಬಾಗಿಲು ಹಾಕಿಕೊಂಡಿದ್ದ ದಿನಗಳನ್ನು ಹೊರಗೆ ನಿಂತವಳ ತಲೆಗೆ ಕಟ್ಟುತ್ತಾರೆಂದು ನನಗೆ ಹೊಳೆಯಲಿಲ್ಲ. ಆ ಪ್ರವಾಸಕ್ಕೆ ಇಪ್ಪತ್ತು ದಿನವೆಂದೇ ಹಿಡಿದೆ. ನಾನು ಓದಿದವಳು, ಹರಪನಹಳ್ಳಿಯ ಹೈಸ್ಕೂಲಿನಲ್ಲಿ ಪಾಠ ಹೇಳುವವಳು. ಮನೆಯವರೆಲ್ಲ ನನ್ನ ಲೆಕ್ಕವನ್ನು ನಂಬಿದರು.

2024ರ ನವೆಂಬರಿನಲ್ಲಿ ಒಂದು ಮಧ್ಯಾಹ್ನ ಅತ್ತಿಗೆ ಬಸ್ಸು ಹಿಡಿದು ನೇರವಾಗಿ ನನ್ನ ಶಾಲೆಗೇ ಬಂದರು. ಕೈಯಲ್ಲಿ ಪಾಸ್‌ಪೋರ್ಟ್ ಇತ್ತು.

"ಸುಕನ್ಯಾ, ನಮ್ಮಮ್ಮ ಬಾಳ ದಿನ ಇರಂಗಿಲ್ಲಂತ. ತಮ್ಮ ಫೋನ್ ಮಾಡಿದ್ದ. ಹೋಗಿ ಬರ್ಲೇನು?"

"ಈಗ ಹೋದ್ರ ಹನ್ನೆರಡು ತಿಂಗಳ ಲೆಕ್ಕ ಮುರೀತೈತಿ ಅತ್ಗಿ. ಮತ್ತ ಮೊದಲಿಂದ ಸುರು ಮಾಡಬೇಕಾಗ್ತೈತಿ. ಇನ್ನ ಎಂಟು ತಿಂಗಳು ತಡ್ಕೊಳ್ರಿ."

"ನಾ ತಡ್ಕೊಂತೀನಿ. ಆಕಿ ತಡ್ಕೋಬೇಕಲ್ಲ."

ಅವರು ಪಾಸ್‌ಪೋರ್ಟನ್ನು ಚೀಲಕ್ಕೆ ಹಾಕಿಕೊಂಡು ಮುಂದಿನ ಬಸ್ಸಿಗೆ ಕೊಟ್ಟೂರಿಗೆ ಹೊರಟರು. ಹನ್ನೊಂದನೇ ದಿನ ತಾಯಿ ಹೋದರು. ಅಲ್ಲಿನ ತೋಟದ ದಾರಿಯಲ್ಲಿ ಹೆಣ ಹೊತ್ತು ಸಾಗಿದ್ದನ್ನು ಅತ್ತಿಗೆ ಫೋನಿನಲ್ಲಿ ನೋಡಿದರು. ಸಿಗ್ನಲ್ ಹೋಗಿ ಚಿತ್ರ ನಿಂತಮೇಲೂ ನೋಡುತ್ತಲೇ ಇದ್ದರು.

ಮುಂದಿನ ಜುಲೈನಲ್ಲಿ ಅರ್ಜಿ ಹಾಕಿದೆವು. ಬಂದದ್ದು ತಮ್ಮ ಆ ಎರಡು ಸಾಲು. ವಿಚಾರಿಸಲು ನಾನು ತಮ್ಮ ಜಿಲ್ಲಾ ಕಚೇರಿಗೆ ಹೋದೆ. ಅಲ್ಲಿನ ಗುಮಾಸ್ತರು ಒಳ್ಳೆಯವರು, ಕುರ್ಚಿ ಕೊಟ್ಟು ಕೂರಿಸಿದರು.

"ವಿಮಾನ ಯಾಕ ನಿಂತ್ವು ಅನ್ನಾಕ ಇದರಾಗ ಕಾಲಂ ಇಲ್ರಿ ಮೇಡಂ. ಹೊರಗಿದ್ರು ಅಂದ್ರ ಹೊರಗಿದ್ರು, ಅಷ್ಟ."

ತಾಯಿಯ ಸಾವಿಗೂ ಹೋಗದೆ ಕಾದಿದ್ದಾರೆ ಎಂದೆ. ಅವರು ಕಾಗದದಿಂದ ತಲೆಯೆತ್ತಿದರು.

"ಹೋಗಬಹುದಿತ್ತಲ್ರಿ. ವಿಶೇಷ ಕಾರಣ ಇದ್ರ ಆ ಹನ್ನೆರಡು ತಿಂಗಳದಾಗ ಮೂವತ್ತು ದಿನದ ತನಕ ವಿನಾಯಿತಿ ಕೊಡಾಕ ಬರ್ತೈತಿ. ಬರದು ಕೇಳ್ಕೋಬೇಕಿತ್ತು. ನಿಮಗ ಯಾರೂ ಹೇಳಲಿಲ್ಲೇನ್ರಿ?"

ಇಲ್ಲ ಮಾನ್ಯರೇ, ಯಾರೂ ಹೇಳಲಿಲ್ಲ. ನಾವು ಮೂರು ಸಲ ತಮ್ಮ ಕಚೇರಿಗೆ ಬಂದಿದ್ದೆವು. ಎಷ್ಟು ಭಾವಚಿತ್ರ, ಯಾವ ಅಳತೆ, ಹಿಂದೆ ಯಾವ ಬಣ್ಣವಿರಬೇಕು ಎಂಬುದನ್ನೆಲ್ಲ ಹೇಳಿದರು. ಸಾಯುತ್ತಿರುವ ತಾಯಿಯನ್ನು ನೋಡಲು ಕಾನೂನಿನಲ್ಲಿ ಒಂದು ಕಿಂಡಿ ಇದೆ ಎಂಬುದನ್ನು ಮಾತ್ರ ಹೇಳಲಿಲ್ಲ. ಆ ಕಿಂಡಿ ಇಟ್ಟದ್ದು ಯಾರಿಗಾಗಿ? ಕಾನೂನು ಪುಸ್ತಕವನ್ನು ತಲೆದಿಂಬಾಗಿಸಿಕೊಂಡು ಮಲಗುವವರಿಗೋ?

ಈ ಸಂಗತಿಯನ್ನು ಅತ್ತಿಗೆಗೆ ಹೇಳದೆ ಮುಚ್ಚಿಡಬಹುದೆಂದು ನಾಲ್ಕು ದಿನ ಯೋಚಿಸಿದೆ. ಐದನೇ ದಿನ ಹೇಳಿದೆ. ಅವರು ಅಂಗಿಯೊಂದಕ್ಕೆ ಕಾಲರ್ ಕೂಡಿಸುತ್ತಿದ್ದರು. ಹೊಲಿಗೆ ಮುಗಿಸಿ ದಾರ ಕತ್ತರಿಸಿದರು.

"ಮೂವತ್ತು ಬ್ಯಾಡಾಗಿತ್ತು ಸುಕನ್ಯಾ," ಎಂದರು. "ನಾಲ್ಕು ದಿನ ಸಾಕಾಗಿತ್ತು."

ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಈ ಪತ್ರ ಬರೆಯುತ್ತಿದ್ದೆನೋ ಇಲ್ಲವೋ.

ಇನ್ನು ಮುಂದೇನು? ಕುವೈತಿನ ಹಳೆಯ ದಿನಗಳು ಆ ಹದಿನಾಲ್ಕು ವರ್ಷದ ಲೆಕ್ಕದಿಂದ ಹಿಂದೆ ಜಾರುವವರೆಗೆ ಕಾಯಬೇಕು, ಮತ್ತೆ ಹನ್ನೆರಡು ತಿಂಗಳು ಕದಲದೆ ಕೂರಬೇಕು. ಅಲ್ಲಿಯವರೆಗೆ ವರ್ಷವರ್ಷ ವೀಸಾ ಮುಂದುವರಿಸಬೇಕು. ಕಳೆದ ಸಲ ವೀಸಾ ಕಚೇರಿಯಲ್ಲಿ ಒಬ್ಬರು, "ಗಂಡ ಇಲ್ಲಲ್ಲಮ್ಮ, ಇಲ್ಲಿ ಇನ್ನೇನು ಕೆಲಸ?" ಎಂದು ಕೇಳಿದರು. ಪಕ್ಕದಲ್ಲೇ ಮಗಳು ನಿಂತಿದ್ದಳು, ಹತ್ತನೇ ತರಗತಿಯವಳು, ಇಲ್ಲೇ ಹುಟ್ಟಿದ ಭಾರತದ ಪ್ರಜೆ. ಅಂದಿನಿಂದ ಆ ಹುಡುಗಿ ಶಾಲೆಯಿಂದ ಬಂದೊಡನೆ ಮೊದಲು, ಅವ್ವ ಮನೆಯಲ್ಲಿದ್ದಾಳೆಯೇ ಎಂದು ನೋಡುತ್ತಾಳೆ.

ನಾನು ದಯೆ ಕೇಳುತ್ತಿಲ್ಲ. ಸರ್ಕಾರವೇ ದಾರಿ ಮುಚ್ಚಿದ್ದ ದಿನಗಳನ್ನು ಅತ್ತಿಗೆ ತಾವಾಗಿ ದೇಶ ಬಿಟ್ಟ ದಿನಗಳೊಡನೆ ಕೂಡಿಸಬೇಡಿ, ಅರ್ಜಿಯನ್ನು ಮರುಪರಿಶೀಲಿಸಿ. ಆಗದೆಂದಾದರೆ ಏಕೆ ಆಗದೆಂದು ಕಾರಣ ಸಹಿತ ಬರೆದು ಕೊಡಿ, ಎರಡೇ ಸಾಲಿನಲ್ಲಿ ಅಲ್ಲ. ಮತ್ತು ಆ ಮೂವತ್ತು ದಿನದ ವಿನಾಯಿತಿಯನ್ನು ಕನ್ನಡದಲ್ಲಿ, ದಪ್ಪ ಅಕ್ಷರದಲ್ಲಿ, ತಮ್ಮ ಕಚೇರಿಯ ಗೋಡೆಗೆ ಇದೇ ವಾರ ಅಂಟಿಸಿ. ಇವತ್ತು ಯಾರ ತಾಯಿ ಎಲ್ಲಿ ಹಾಸಿಗೆ ಹಿಡಿದಿದ್ದಾಳೋ ತಮಗೂ ಗೊತ್ತಿಲ್ಲ, ನನಗೂ ಗೊತ್ತಿಲ್ಲ.

ಇಂತಿ,
ಇಲ್ಲಿ ಹುಟ್ಟಿದ್ದೊಂದೇ ಅರ್ಹತೆಯಿಂದ, ಒಂದು ದಿನವನ್ನೂ ಎಣಿಸದೆ ಪ್ರಜೆಯಾದ
ಸುಕನ್ಯಾ, ಕೊಟ್ಟೂರು