ಕೆಂಪು ಗಾಡಿ ಬೇಡ ಅಂದದ್ದು

ಡಿಸೆಂಬರ್ 8, ರವಿವಾರ
ಅಪ್ಪನನ್ನು ಉಗಾರ ಖುರ್ದದ ಸಕ್ಕರೆ ಫ್ಯಾಕ್ಟರಿಗೆ ಬಿಟ್ಟು ಬರಲು ಎಂದಿನಂತೆ ಬೊಲೆರೊ ಸ್ಟಾರ್ಟ್ ಮಾಡಿದ್ದೆ. ಅಪ್ಪ ಕಿಟಕಿ ಹತ್ತಿರ ಬಂದ.
“ಇವತ್ತ ಸೌಂದರ್ಯಾ ಹೊಡೀಲಿ. ನೀ ಇಳಿ.”
ಇಳಿದೆ. ಹಿಂದೆ ಕೂತೆ.
ಸೌಂದರ್ಯಾ ನನ್ನ ಅಣ್ಣ ಸುರಜನ ಹೆಂಡತಿ. ಮನೆಗೆ ಬಂದು ಇನ್ನೂ ದೀಪಾವಳಿ ಒಂದೇ ಆಗಿದೆ. ನನಗಿಂತ ಚಿಕ್ಕವಳು, ಆದರೂ ಅತ್ತಿಗೆ; ನಾನು ವೈನಿ ಅನ್ನಬೇಕು. ಕಾಗವಾಡದ ತವರಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದಳಂತೆ. ಫ್ಯಾಕ್ಟರಿ ರೋಡಿನ ಕಬ್ಬಿನ ಟ್ರಾಲಿಗಳ ನಡುವೆ ಗಾಡಿ ನೀರಿನ ಹಾಗೆ ಹರಿಯಿತು. ಒಂದು ಹಾರ್ನ್ ಇಲ್ಲ.
“ಏನ್ ಹೊಡೀತಾಳ ಪೋರಿ!” ಅಂದ ಅಪ್ಪ.
ಈ ಹೊಗಳಿಕೆ ಇಷ್ಟು ದಿನ ನನ್ನದಾಗಿತ್ತು. ನನಗೆ ಸ್ಟೇರಿಂಗ್ ಹಿಡಿಯಲು ಕಲಿಸಿದವನೇ ಅವನು. ನಮ್ಮ ರೂಪಾಲಿಯ ಹಾಗೆ ಯಾರೂ ಓಡಿಸುವುದಿಲ್ಲ ಅಂತ ನಮ್ಮೂರು ಉಗಾರ ಬುದ್ರುಕ ತುಂಬ ಹೇಳಿಕೊಂಡು ತಿರುಗಿದವನು...

ಡಿಸೆಂಬರ್ 11
ಊಟದ ಹೊತ್ತಿಗೆ ವಿಷಯ ತೆಗೆದೆ. ಜನವರಿಯಲ್ಲಿ ನಿಪ್ಪಾಣಿ ಹತ್ತಿರದ ಮೈದಾನದಲ್ಲಿ ಆಟೋಕ್ರಾಸ್. ಲೇಡೀಸ್ ಕ್ಲಾಸ್ ಕೂಡ ಇದೆ.
“ಅಂದ್ರೇನವಾ?” ಅಪ್ಪ.
“ಕೋನ್ ಇಟ್ಟು ದಾರಿ ಮಾಡಿರ್ತಾರ. ಒಬ್ಬೊಬ್ಬರ ಹೊಡೀಬೇಕು. ಯಾರ್ ಲಗೂ ಮುಗಸ್ತಾರ ಅವರು ಗೆದ್ದಂಗ. ನಮ್ದು ಸ್ಟಾಕ್ ಕ್ಲಾಸ್. ಕಂಪನಿಯಿಂದ ಹೆಂಗ ಬಂದೈತಿ ಹಂಗ ಗಾಡಿ. ಏನೂ ಬದಲ ಮಾಡಾಂಗಿಲ್ಲ.”
ಹಳೆಯ ಸಣ್ಣ ಹ್ಯಾಚ್‌ಬ್ಯಾಕ್ ಒಂದು ಸಾಕು ಅಂದೆ. ಅಪ್ಪ ಒಪ್ಪಿದ. ಎಷ್ಟು ಖುಷಿಯಾಯಿತು! ಅಷ್ಟರಲ್ಲಿ ಅಪ್ಪ...
“ಒಂದ ಗಾಡಿ ಇಬ್ಬರೂ ಹೊಡೀಬಹುದನ?”
ಹೊಡೆಯಬಹುದು. ಸುಳ್ಳು ಹೇಳಲು ಬಾಯಿ ಬರಲಿಲ್ಲ.
“ಹಂಗಾರ ಸೌಂದರ್ಯಾನ ಹೆಸರೂ ಕೊಡು.”
ವೈನಿಯ ಮುಖ ನೋಡಬೇಕಿತ್ತು. ನೋಡಲಿಲ್ಲ. ರೊಟ್ಟಿ ಮುರಿದೆ.

ಡಿಸೆಂಬರ್ 15, ರವಿವಾರ
ನಿಪ್ಪಾಣಿ. ತಾತ್ಯಾಸಾಹೇಬರ ಸೆಕೆಂಡ್ ಹ್ಯಾಂಡ್ ಗಾಡಿಗಳ ಅಂಗಳ. ಆಲ್ಟೋ ನೋಡಿದೆವು, ಎಂಜಿನ್ ಸಾಲದು. ಐ-ಟೆನ್ ಚೆನ್ನಾಗಿತ್ತು, ಆದರೆ ಎಲ್ಲೋ ಗುದ್ದಿ ರಿಪೇರಿ ಆಗಿದ್ದು. ಕೊನೆಗೆ ಉಳಿದವು ಎರಡು ಸ್ವಿಫ್ಟ್. ಬಿಳಿಯದು ಕೆಳಗಿನ ಮಾಡೆಲ್, ಕೆಂಪು ಮೇಲಿನದು.
ವೈನಿ ಕೆಂಪಿನಲ್ಲಿ ಕೂತಳು. ಸೀಟಿನ ಪಕ್ಕದ ಲಿವರ್ ಎಳೆದೆಳೆದು ಸೀಟು ಎತ್ತರಿಸಿಕೊಂಡಳು. ನನ್ನ ಭುಜಕ್ಕೂ ಬರದ ಹುಡುಗಿ.
“ಅಯ್ಯ, ಬಾನೆಟ್ ಪೂರಾ ಕಾಣ್ತತ್ರಿ ಅಕ್ಕಾರ!”
ಬಿಳಿಯದಕ್ಕೆ ಆ ಲಿವರ್ ಇರಲಿಲ್ಲ. ನಾನು ನೋಡಿದ್ದೆ. ಸ್ಟಾಕ್ ಕ್ಲಾಸಿನಲ್ಲಿ ಸೀಟು ಬದಲಿಸುವ ಹಾಗಿಲ್ಲ, ದಿಂಬು ಇಟ್ಟುಕೊಳ್ಳುವ ಹಾಗೂ ಇಲ್ಲ. ಅದೂ ಗೊತ್ತಿತ್ತು.
“ಬಿಳೀದ ಹಗುರ ಐತಿ. ರೇಸಿಗೆ ಹಗುರ ಇದ್ದದ್ದ ಬೇಕು,” ಅಂದೆ. ಸುಳ್ಳಲ್ಲ. ಹಗುರ ನಿಜ, ಆದರೆ ಅದೇನು ಲೆಕ್ಕಕ್ಕೆ ಬರುವಷ್ಟಲ್ಲ.
ಅಪ್ಪ ವೈನಿಯ ಕಡೆ ನೋಡಿದ.
“ಅಕ್ಕಾರಿಗೆ ತಿಳೀತೈತ್ರಿ ಮಾವಾರ. ಅವರು ಹೇಳಿದ್ದ ತಗೊಳ್ರಿ.”
ಬಿಳಿಯದು ತಂದೆವು.

ಡಿಸೆಂಬರ್ 24
ಕಬ್ಬು ಕಟಾವಾದ ನಮ್ಮ ಹೊಲದಲ್ಲಿ ಕೋನಿನ ಬದಲು ಬಕೆಟ್ ಇಟ್ಟು ಪ್ರಾಕ್ಟೀಸ್. ವೈನಿ ಸೀಟು ಪೂರ್ತಿ ಮುಂದೆ ಎಳೆದುಕೊಂಡು, ಎದೆ ಸ್ಟೇರಿಂಗಿಗೆ ತಾಗಿಸಿ ಕೂರುತ್ತಾಳೆ. ಕತ್ತು ಚಾಚಿ ನೋಡುತ್ತಾಳೆ. ಪ್ರತಿ ಸಲ ಒಂದೆರಡು ಬಕೆಟ್ ಬೀಳುತ್ತವೆ.
ಅಪ್ಪ ನನ್ನ ರೌಂಡಿಗೆ ಚಪ್ಪಾಳೆ ತಟ್ಟಿದ.
ರಾತ್ರಿ ಚೆನ್ನಾಗಿ ನಿದ್ದೆ ಬರುತ್ತಿದೆ.

ಜನವರಿ 2
ಹೊಲದ ಬದು ಕಾಣಲಿಲ್ಲ ವೈನಿಗೆ. ಚಕ್ರ ಇಳಿಯಿತು. ಸ್ಟೇರಿಂಗ್ ತಿರುಗಿ ಹೊಡೆಯಿತು. ಅವಳ ಬಲಗೈ ಮಣಿಕಟ್ಟು ಮುರಿಯಿತು.
ಆಸ್ಪತ್ರೆಯಿಂದ ಈಗ ಬಂದೆವು. ಬರೆಯಲಾರೆ.

ಜನವರಿ 19, ರವಿವಾರ
ಇಷ್ಟು ದಿನ ಈ ಡೈರಿ ಮುಟ್ಟಲಿಲ್ಲ.
ಇವತ್ತು ಆಟೋಕ್ರಾಸ್ ಆಯಿತು. ಒಬ್ಬಳೇ ಓಡಿಸಿದೆ. ಸೆಕೆಂಡ್ ಬಂದೆ. ಕಪ್ ಕೊಟ್ಟರು. ಅಪ್ಪ ಸಿಕ್ಕವರಿಗೆಲ್ಲ ತೋರಿಸಿದ. “ನಮ್ಮ ರೂಪಾಲಿ!”
ವೈನಿ ಪ್ಲಾಸ್ಟರಿನ ಕೈ ಎದೆಗೆ ಕಟ್ಟಿಕೊಂಡು ಹಗ್ಗದ ಆಚೆ ಬಿಸಿಲಲ್ಲಿ ನಿಂತಿದ್ದಳು. ನನಗಾಗಿ ಗಂಟಲು ಹರಿಯುವ ಹಾಗೆ ಕೂಗಿದಳು.
ಬರುವಾಗ ಗಾಡಿಯಲ್ಲಿ ಅಂದಳು: “ನನಗ ಇದು ಆಗೂದಲ್ರಿ. ಟ್ರ್ಯಾಕ್ಟರ್ ಬ್ಯಾರೆ, ಇದ ಬ್ಯಾರೆ. ಸುಮ್ನ ಜಂಬ ಇತ್ತು ನನಗ.”
“ಕೈ ನೆಟ್ಟಗಾದ ಮ್ಯಾಲೂ ಗಾಡಿ ಹೊಡ್ಯೂದ ಸಾಕು,” ಅಂದ ಅಪ್ಪ.
“ಹೌದ್ರಿ ಮಾವಾರ.”
ಹೌದ್ರಿ! ಅಷ್ಟೇ. ಜಗಳ ಕೂಡ ಆಡಲಿಲ್ಲ.

ಜನವರಿ 22
ಅಪ್ಪನನ್ನು ಮತ್ತೆ ನಾನೇ ಬಿಟ್ಟು ಬರುತ್ತಿದ್ದೇನೆ. ಬೇಕಾಗಿದ್ದು ಇದೇ. ದಾರಿಯುದ್ದಕ್ಕೂ ಅಪ್ಪ ಮಾತಾಡಿದ, ನನ್ನ ಕಿವಿಗೆ ಒಂದೂ ಬೀಳಲಿಲ್ಲ.
ಸುರಜಣ್ಣ ಹೇಳಿದ, ವೈನಿ ತವರಿಗೆ ಫೋನ್ ಮಾಡಿ ‘ನನಗ ಗಾಡಿ ಹೊಡ್ಯಾಕ ಬರೂದಿಲ್ಲ’ ಅಂತ ಅತ್ತಳಂತೆ. ಅವಳಿಗೆ ಬರುತ್ತದೆ. ನನಗಿಂತ ಚೆನ್ನಾಗಿ ಬರುತ್ತದೆ. ಅದಕ್ಕೇ ಅಲ್ಲವೇ ಇದೆಲ್ಲ.

ಜನವರಿ 26
ಹೇಳಿಬಿಟ್ಟೆ. ಎಲ್ಲರೂ ಊಟಕ್ಕೆ ಕೂತಾಗ. ಕೆಂಪು ಗಾಡಿಯ ಸೀಟು ಏರುತ್ತಿತ್ತು, ಬಿಳಿಯದು ಏರುವುದಿಲ್ಲ, ಗೊತ್ತಿದ್ದೇ ಬಿಳಿಯದು ಆರಿಸಿದೆ ಅಂತ.
ಅಪ್ಪ ತಾಟು ಬಿಟ್ಟು ಎದ್ದು ಹೋದ. ಸುರಜಣ್ಣ ಮುಖ ತಿರುಗಿಸಿದ. ವೈನಿ ಎಡಗೈಯಲ್ಲೇ ಎಲ್ಲರ ತಾಟು ತೆಗೆದಳು.
ಅಡುಗೆಮನೆಗೆ ಹಿಂದೆಯೇ ಹೋದೆ.
“ಗಾಡಿದು ಬಿಡ್ರಿ,” ಅಂದಳು, ಗೋಡೆಗೆ ಮುಖ ಮಾಡಿ. “ಡಾಕ್ಟರ್ ಕೈ ಎಳ್ಯಾಕತ್ತಾಗ ನೀವ ನನ್ನ ತಲಿ ಹಿಡಕೊಂಡ ಕುಂತಿದ್ರಿ. ನನಗ ಧೈರ್ಯ ಬಂದಿತ್ತು. ಅವಾಗರ ಹೇಳಬೇಕಿಲ್ಲೇನ್ರಿ?”


ಫೆಬ್ರವರಿ 9
ವೈನಿ ಮಾತಾಡುವುದಿಲ್ಲ. ಚಹಾ ಇಟ್ಟು ಹೋಗುತ್ತಾಳೆ. ಅಕ್ಕಾರ ಅನ್ನುವುದನ್ನು ಬಿಟ್ಟಿದ್ದಾಳೆ. ಆ ಶಬ್ದ ಇಷ್ಟು ಬೇಕಾಗಿತ್ತು ಅಂತ ಗೊತ್ತಿರಲಿಲ್ಲ.

ಫೆಬ್ರವರಿ 16, ರವಿವಾರ, ಬೆಳಿಗ್ಗೆ
ನಿನ್ನೆ ವೈನಿಯ ಪ್ಲಾಸ್ಟರ್ ತೆಗೆದರು. ಇವತ್ತು ಎದ್ದವಳೇ ಬೊಲೆರೊ ಕೀಲಿ ಅಪ್ಪನ ಕೈಯಿಂದ ಇಸಿದುಕೊಂಡಳು.
“ನಿಪ್ಪಾಣಿಗೆ ಹೊಂಟೀವ್ರಿ. ಆ ಬಿಳೀದರ ಬದಲ ಬ್ಯಾರೆ ನೋಡೂದೈತಿ. ಮುಂದಿನ ತಿಂಗಳ ಮತ್ತ ರೇಸ್ ಐತಂತ. ನಾನೂ ಹೊಡ್ಯಾಕಿ.” ಅಪ್ಪ ಏನೋ ಹೇಳಲು ಹೋದ. “ನಾ ಕೇಳಾಂಗಿಲ್ರಿ ಮಾವಾರ.” ಆಮೇಲೆ ನನ್ನ ಕಡೆ: “ಗಾಡಿ ನಾ ಆರಸ್ತೀನಿ. ಬರೂದಿದ್ರ ಬರ್ರಿ.”
ಮಹಡಿಯ ಕಿಟಕಿಯಿಂದ ನೋಡುತ್ತಿದ್ದೇನೆ. ನಮ್ಮ ಇಕ್ಕಟ್ಟಿನ ಗೇಟು. ಅವಳ ಕೈ ಇನ್ನೂ ಊದಿಕೊಂಡಿದೆ. ಒಂದೇ ಸಲಕ್ಕೆ ರಿವರ್ಸ್ ತೆಗೆದಳು. ಇಷ್ಟು ವರ್ಷವಾದರೂ ನಾನು ಹಿಂದೆ ಮುಂದೆ ಮಾಡಿಯೇ ತೆಗೆಯುತ್ತೇನೆ.
ಈಗಲೂ ಹೊಟ್ಟೆ ಉರಿಯಿತು. ಸುಳ್ಳು ಯಾಕೆ ಬರೆಯಲಿ.
ಹಾರ್ನ್. ಮತ್ತೆ ಹಾರ್ನ್.
“ಅಕ್ಕಾರ, ಬರ್ತೀರೋ ಇಲ್ಲೋ?”
ಅಕ್ಕಾರ ಅಂದಳು. ಹೋಗಬೇಕು, ಪೆನ್ನು ಇಟ್ಟು—