ಮೇಲಂತಸ್ತಿನಲ್ಲಿ ಕಾಣದ ಮೆಟ್ಟಿಲು

ಮಾರ್ಚ್ ೧೨, ಮಂಗಳವಾರ. ಮನಿಸಾಲೆಸ್

ನಾನು ಕಂಪ್ಯೂಟರಿನಲ್ಲಿ ಬರೆದ ಶಿಶುವಿಹಾರದ ನಕ್ಷೆಯಲ್ಲಿ ಹಿಂದಿನ ಮೆಟ್ಟಿಲು ನೆಲದಂತಸ್ತಿನ ಹಾಳೆಯಲ್ಲಿ ಕಾಣುತ್ತಿತ್ತು, ಮೇಲಂತಸ್ತಿನ ಹಾಳೆಯಲ್ಲಿ ಇರಲೇ ಇಲ್ಲ. ಭೂಮಿ ನಡುಗಿದರೆ ಮಕ್ಕಳು ಇಳಿಯಬೇಕಾದ ಮೆಟ್ಟಿಲು ಅದು.

"ಅಳಿಸಿಬಿಟ್ಟೆಯೇನೇ ಮಾರಾಯ್ತಿ?" ಎಂದು ಕಚೇರಿಯಲ್ಲಿ ಪಕ್ಕದ ಮೇಜಿನ ಓವಿಡಿಯೊ ನಕ್ಕ. ಅಳಿಸಿರಲಿಲ್ಲ. ಮೇಲಂತಸ್ತಿನ ಹಾಳೆ ತನ್ನ ನೆಲದಿಂದ ಎಷ್ಟು ಕೆಳಗಿನವರೆಗೆ ತೋರಿಸಬೇಕು ಎಂದು ಕಂಪ್ಯೂಟರಿಗೆ ಕೊಡುವ ಅಳತೆ ಸೊನ್ನೆಯಾಗಿತ್ತು. ಹೆಚ್ಚಿಸಿದ ಕೂಡಲೇ ಮೆಟ್ಟಿಲು ಮೂಡಿತು. ಆಗಲೇ ನೆನಪಾಯಿತು. ಮೆಟ್ಟಿಲಿಲ್ಲದ ಹಾಳೆಯೇ ಕಟ್ಟಡ ಕಟ್ಟುವಲ್ಲಿಗೆ ಹೋಗಿದೆ, ಇವತ್ತೇ ಮೇಲಂತಸ್ತಿನ ನೆಲಕ್ಕೆ ಕಾಂಕ್ರೀಟ್!

ಮೇಸ್ತ್ರಿ ಎವೆಲಿಯೊಗೆ ಫೋನ್ ಮಾಡಿದೆ. "ಹಿಂದಿನ ಮೂಲೆಗೆ ಹಾಕಬೇಡಿ!"

"ಏನಮ್ಮಾ, ದೆವ್ವ ಕಂಡವರ ಹಾಗೆ ಕೂಗ್ತೀರಿ? ಇನ್ನೂ ಮುಂದಿನ ಭಾಗಕ್ಕೆ ಸುರೀತಿದ್ದಾರೆ."

"ಅಲ್ಲಿ ಮೆಟ್ಟಿಲಿಗೆ ಜಾಗ ಬಿಡಬೇಕು."

ಅವರ ನಗು ನಿಂತಿತು. "ಅಯ್ಯೋ ದೇವರೇ, ಅಲ್ಲೆಲ್ಲ ಕಂಬಿ ಕಟ್ಟಿಬಿಟ್ಟಿದ್ದೀವಲ್ಲ!" ಎಂದವರೇ 'ಕಾಂಕ್ರೀಟ್ ಪಂಪ್ ನಿಲ್ಲಿಸಿ' ಎಂದು ಅತ್ತ ಕಿರುಚಿದರು.

ಸಂಜೆ ಹೋಗಿ ನೋಡಿದೆ. ಹಿಂದಿನ ಮೂಲೆಯಲ್ಲಿ ಕಂಬಿ, ಹಲಗೆ ಬಿಚ್ಚಿ ಮೆಟ್ಟಿಲಿಗೆ ಜಾಗ ಬಿಟ್ಟಿದ್ದಾರೆ. ಕೆಳಗೆ ನಿಂತು ತಲೆಯೆತ್ತಿದರೆ ಆಕಾಶ ಕಾಣುತ್ತದೆ. ಆದರೂ ಭಯ ಇಳಿದಿಲ್ಲ. ಕಣ್ಣು ಮುಚ್ಚಿದರೆ ಮಕ್ಕಳು ಮೇಲೆ ಸಾಲಾಗಿ ಓಡಿ ಬರುತ್ತಾರೆ, ಇಳಿಯಲು ದಾರಿ ಸಿಗದೆ ನನ್ನ ಮುಖ ನೋಡುತ್ತಾರೆ. ಉಳಿದ ಹಾಳೆಗಳಲ್ಲಿ ಇನ್ನೇನೇನು ಮರೆಯಾಗಿದೆಯೋ. ದೀಪ ಆರಿಸಲು ಧೈರ್ಯ ಬರುತ್ತಿಲ್ಲ.